‘ಕುಕ್’ ಶಬ್ದವೂ ಕಾಯಕದ ಗೌರವವೂ

ಮನುಷ್ಯರಿಗಿರುವಂತೆ ಶಬ್ದಗಳಿಗೂ ವಂಶವುಂಟು, ವಲಸೆಯುಂಟು, ಏಳುಬೀಳುಗಳುಂಟು. ದಿನನಿತ್ಯ ನಾಲಗೆಯ ಮೇಲೆ ಸುಳಿದಾಡುವ ಶಬ್ದಗಳ ಪೂರ್ವವೃತ್ತಾಂತವನ್ನು ವಿಚಾರಿಸುವವರು ಮಾತ್ರ ವಿರಳ. ಪರಭಾಷೆಯ ಶಬ್ದವೊಂದು ಊರಿನ ಹೆಸರಾಗಿ ನೆಲೆಗೊಂಡಿತೆಂದರೆ ಆ ವಿಚಾರಣೆಯೂ ನಿಂತುಹೋಗುತ್ತದೆ. ಬಸ್ಸಿನ ಫಲಕದ ಮೇಲೆ, ಅಂಚೆಯ ವಿಳಾಸದಲ್ಲಿ, ವಿವಾಹದ ಆಹ್ವಾನಪತ್ರಿಕೆಯಲ್ಲಿ ಅದು ಅರ್ಥಶೂನ್ಯವಾದ ಒಂದು ಗುರುತಾಗಿ ಉಳಿಯುತ್ತದೆ. ಬೆಂಗಳೂರಿನ ದಂಡು ಪ್ರದೇಶದ ‘ಕುಕ್ ಟೌನ್’ ಎಂಬ ಹೆಸರು ಇದಕ್ಕೆ ಉತ್ತಮ ನಿದರ್ಶನ. ಅಲ್ಲಿರುವ ‘ಕುಕ್’ ಎಂಬ ಚಿಕ್ಕ ಶಬ್ದದ ಹಿಂದೆ ಎಷ್ಟು ದೊಡ್ಡ ಸಂಸಾರವಿದೆಯೆಂಬುದನ್ನೂ, ಆ ಸಂಸಾರದ ಕಥೆಯಿಂದ ಮಠದ ಆಶ್ರಯದಲ್ಲಿ ನಡೆಯುವ ವಿದ್ಯಾಸಂಸ್ಥೆಗಳು ಕಲಿಯಬಹುದಾದ ಪಾಠವೇನೆಂಬುದನ್ನೂ ವಿವೇಚಿಸುವುದು ಅಪ್ರಸ್ತುತವಾಗಲಾರದು.

ಮೊದಲು ಸ್ಥಳದ ವಿಚಾರ. 1809ರಲ್ಲಿ ಆಂಗ್ಲರ ಸೇನೆ ಶ್ರೀರಂಗಪಟ್ಟಣವನ್ನು ಬಿಟ್ಟು ಬೆಂಗಳೂರಿನಲ್ಲಿ ಬೀಡುಬಿಟ್ಟಿತು. ಕನ್ನಡಿಗರು ಅದನ್ನು ‘ದಂಡು’ ಎಂದರು. ಇಂದಿಗೂ ಅಲ್ಲಿಯ ರೈಲು ನಿಲ್ದಾಣದ ಫಲಕದ ಮೇಲೆ ಆ ಕನ್ನಡ ಪದವೇ ಇದೆ. 1881ರಲ್ಲಿ ಮೈಸೂರು ಸಂಸ್ಥಾನವು ಒಡೆಯರ ಕೈಗೆ ಮರಳಿದಾಗಲೂ ಈ ದಂಡಿನ ಪ್ರದೇಶವು ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಎಂಬ ಹೆಸರಿನಲ್ಲಿ ಆಂಗ್ಲರ ಆಡಳಿತದಲ್ಲೇ ಉಳಿಯಿತು. 1898ರ ಪ್ಲೇಗು ಇಕ್ಕಟ್ಟಾದ ಕೇರಿಗಳಲ್ಲಿ ಹಬ್ಬಿ ಅಪಾರ ಪ್ರಾಣಹಾನಿ ಮಾಡಿದ ಬಳಿಕ, ಗಾಳಿ ಬೆಳಕುಗಳಿಗೆ ಆಸ್ಪದವಿರುವ ಹೊಸ ಬಡಾವಣೆಗಳು ಎದ್ದವು. ಮೈಸೂರಿನ ರೆಸಿಡೆಂಟರಾಗಿದ್ದ ಸ್ಟುವರ್ಟ್ ಫ್ರೇಜರರ ಹೆಸರಿನಲ್ಲಿ ಫ್ರೇಜರ್ ಟೌನ್ 1906ರಲ್ಲಿ ಆರಂಭವಾಯಿತು. ಅದರ ನೆರೆಯಲ್ಲಿಯೇ ರಿಚರ್ಡ್ಸ್ ಟೌನ್, ಕಾಕ್ಸ್ ಟೌನ್, ಕುಕ್ ಟೌನುಗಳು ಬೆಳೆದವು. ಆ ಸ್ಟೇಷನ್ನಿನ ಪುರಸಭೆಯ ಅಧ್ಯಕ್ಷರಾಗಿದ್ದ ಜಿ. ಎಚ್. ಕುಕ್ ಎಂಬ ಅಧಿಕಾರಿಯ ಹೆಸರು ಹೀಗೆ ಬೆಂಗಳೂರಿನ ಭೂಪಟದಲ್ಲಿ ಸೇರಿತು. 1947ರಲ್ಲಿ ದಂಡು ಪ್ರದೇಶ ಮೈಸೂರಿಗೆ ಮರಳಿತು. 1949ರಲ್ಲಿ ಪೇಟೆಯೂ ದಂಡೂ ಒಂದೇ ನಗರಸಭೆಯ ಆಡಳಿತಕ್ಕೆ ಬಂದವು. ಅಧಿಕಾರಿ ಹೋದನು, ಅಧಿಕಾರವೂ ಹೋಯಿತು, ಹೆಸರು ಮಾತ್ರ ಉಳಿಯಿತು.

ಇಂಗ್ಲಿಷ್ ಅಕ್ಷರ ಬಲ್ಲವರು ಈ ಹೆಸರನ್ನು ಕೇಳಿದಾಗ ಒಮ್ಮೊಮ್ಮೆ ನಸುನಗುವುದುಂಟು. “ಅಡಿಗೆಯವನ ಊರೇ?” ಎಂಬುದು ಆ ನಗೆಯ ಅರ್ಥ. ತಿಳಿದವರು ಕೂಡಲೇ ತಿದ್ದುತ್ತಾರೆ: ಇದು ಅಡಿಗೆಯವನಲ್ಲ, ಸಾಹೇಬನ ಹೆಸರು, ಇಂಗ್ಲಿಷಿನಲ್ಲಿ ಬರೆಯುವಾಗ ಕೊನೆಗೊಂದು ಉಚ್ಚಾರವಿಲ್ಲದ ಅಕ್ಷರ ಇದೆ, ಗಮನಿಸಬೇಕು ಎನ್ನುತ್ತಾರೆ. ಆ ಮೂಕಾಕ್ಷರವೊಂದು ಅಡಿಗೆಯವನನ್ನು ಸಾಹೇಬನಿಂದ ಬೇರ್ಪಡಿಸುವ ಬೇಲಿಯಾಗಿದೆ. ‘ಟೌನ್’ ಎಂಬ ಶಬ್ದದ ಮೂಲಾರ್ಥವೂ ಬೇಲಿಯೇ ಎಂಬುದು ಇಲ್ಲಿ ಸ್ವಾರಸ್ಯಕರ; ಬೇಲಿ ಹಾಕಿದ ಹಿತ್ತಲು, ಅನಂತರ ಮನೆಗಳ ಗುಂಪು, ಕೊನೆಗೆ ಪಟ್ಟಣ ಎಂದು ಅದರ ಅರ್ಥ ಬೆಳೆಯಿತು. ಜರ್ಮನ್ ಭಾಷೆಯಲ್ಲಿ ಅದೇ ಮೂಲದ ಶಬ್ದಕ್ಕೆ ಇಂದಿಗೂ ಬೇಲಿ ಎಂಬುದೇ ಅರ್ಥ. ಆದರೆ ಕನ್ನಡದ ಲಿಪಿ ಉಚ್ಚರಿಸಿದ್ದನ್ನೇ ಬರೆಯುವ ಲಿಪಿ. ಅದು ಆ ಮೂಕಾಕ್ಷರವನ್ನು ಹೊರಗಿಟ್ಟು ‘ಕುಕ್’ ಎಂದಷ್ಟೇ ಬರೆಯಿತು. ಹಾಗೆ ಬರೆದುದರಿಂದ ಮರೆಯಾಗಿದ್ದ ಒಂದು ಸತ್ಯ ಬೆಳಕಿಗೆ ಬಂದಿತು.

ಆ ಸತ್ಯವೇನೆಂದರೆ, ಸಾಹೇಬನ ಮನೆತನದ ಹೆಸರಿಗೂ ಅಡಿಗೆಯೇ ಮೂಲ. ಇಂಗ್ಲೆಂಡಿನಲ್ಲಿ 11ನೆಯ ಶತಮಾನದ ಅನಂತರದ ಮೂರು ನಾಲ್ಕು ಶತಮಾನಗಳಲ್ಲಿ ಮನೆತನದ ಹೆಸರುಗಳು ಕ್ರಮೇಣ ಸ್ಥಿರಪಟ್ಟವು. ಹುಟ್ಟಿದ ಊರಿನಿಂದ ಕೆಲವು, ತಂದೆಯ ಹೆಸರಿನಿಂದ ಕೆಲವು, ಮಾಡುವ ಕಸಬಿನಿಂದ ಕೆಲವು ಹುಟ್ಟಿದವು. ಸ್ಮಿತ್ ಎಂದರೆ ಕಮ್ಮಾರ. ಪಾಟರ್ ಎಂದರೆ ಕುಂಬಾರ. ಟೇಲರ್ ಎಂದರೆ ಸಿಂಪಿಗ. ವೀವರ್ ಎಂದರೆ ನೇಕಾರ. ಶೆಫರ್ಡ್ ಎಂದರೆ ಕುರುಬ. ಅರಮನೆಯಲ್ಲೋ ಮಠದಲ್ಲೋ ಪ್ರಭುವಿನ ಮನೆಯಲ್ಲೋ ಅಡಿಗೆ ಮಾಡುತ್ತಿದ್ದವನ ಸಂತತಿ ಕುಕ್ ಎನಿಸಿತು. ಆ ಕಾಲದಲ್ಲಿ ಕಾಗುಣಿತವೇ ಸ್ಥಿರವಾಗಿರಲಿಲ್ಲ. ಕೊನೆಯ ಅಕ್ಷರ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಶಾಂತಸಾಗರವನ್ನು ಶೋಧಿಸಿದ ನಾವಿಕ ಜೇಮ್ಸ್ ಕುಕ್ (1728–1779) ಆ ಅಕ್ಷರವಿಲ್ಲದೆಯೇ ಲೋಕವಿಖ್ಯಾತನಾದನು. ಜರ್ಮನಿಯಲ್ಲಿ ಇದೇ ಶಬ್ದ ‘ಕೋಖ್’ ಎಂದಾಯಿತು. 1882ರಲ್ಲಿ ಕ್ಷಯರೋಗದ ಸೂಕ್ಷ್ಮಜೀವಿಯನ್ನು ಕಂಡುಹಿಡಿದ ಮಹಾವಿಜ್ಞಾನಿ ರಾಬರ್ಟ್ ಕೋಖ್ ಹೆಸರಿನಲ್ಲಿ ಅಡಿಗೆಯವನೇ. ಅದರಿಂದ ಅವನ ಕೀರ್ತಿಗೆ ಕುಂದು ಬಂದಿತೆಂದು ಯಾರೂ ಹೇಳಲಾರರು.

ಕಸಬನ್ನು ಹೆಸರಿನಲ್ಲಿ ಹೊತ್ತು ನಡೆಯುವುದು ಕನ್ನಡ ನಾಡಿಗೆ ಹೊಸತಲ್ಲ. 12ನೆಯ ಶತಮಾನದ ಕಲ್ಯಾಣದಲ್ಲಿ ಅದು ಕೇವಲ ರೂಢಿಯಾಗಿ ಉಳಿಯದೆ ತತ್ತ್ವವೇ ಆಯಿತು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ, ಹಡಪದ ಅಪ್ಪಣ್ಣ, ತುರುಗಾಹಿ ರಾಮಣ್ಣ, ಕದಿರ ರೆಮ್ಮವ್ವೆ, ಕೊಟ್ಟಣದ ಸೋಮಮ್ಮ ಮೊದಲಾದ ಶರಣಶರಣೆಯರು ತಮ್ಮ ಕಾಯಕವನ್ನು ಹೆಸರಿನ ಮುಂದೆ ಪತಾಕೆಯಂತೆ ಧರಿಸಿದರು. ಭತ್ತ ಕುಟ್ಟುವವಳು, ದನ ಕಾಯುವವನು, ಹಗ್ಗ ಹೊಸೆಯುವವನು ಅನುಭಾವಿಗಳ ಸಾಲಿನಲ್ಲಿ ಕುಳಿತರು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸಿದ ಮಾರಯ್ಯ ಲಕ್ಕಮ್ಮ ದಂಪತಿಗಳ ಹೆಸರಿನಲ್ಲಿ ಆ ಆಯ್ದ ಅಕ್ಕಿಯೇ ಅಂಟಿಕೊಂಡಿದೆ. ಪತಿ ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಚೆಲ್ಲಿ ಬರುವಂತೆ ಹಿಂದಿರುಗಿಸಿದ ಲಕ್ಕಮ್ಮನ ನಿಷ್ಠೆ ಶರಣಚರಿತ್ರೆಯ ಉಜ್ಜ್ವಲ ಪ್ರಸಂಗಗಳಲ್ಲೊಂದು. ಒಲೆಯ ಮುಂದೆ ಕುಳಿತವಳೇ ಅಲ್ಲಿ ಗುರುಸ್ಥಾನದಲ್ಲಿದ್ದಾಳೆ.

ಇನ್ನು ಶಬ್ದದ ಮೂಲ. ಕನ್ನಡಿಗರ ಕಿವಿಗೆ ‘ಕುಕ್’ ಎಂದೊಡನೆ ಕುಕ್ಕು, ಕುಕ್ಕರಿಸು, ಕುಕ್ಕೆ ಮುಂತಾದ ಶಬ್ದಗಳು ನೆನಪಿಗೆ ಬರಬಹುದು. ಇವುಗಳೊಡನೆ ಅದಕ್ಕೆ ಯಾವ ಸಂಬಂಧವೂ ಇಲ್ಲ. ಧ್ವನಿಸಾಮ್ಯವೊಂದನ್ನೇ ನೆಚ್ಚಿ ವ್ಯುತ್ಪತ್ತಿ ಹೇಳುವುದು ವಿದ್ವತ್ತಿಗೆ ಶೋಭೆಯಲ್ಲ. ಇಂಗ್ಲಿಷರು ಈ ಶಬ್ದವನ್ನು ಸಾವಿರ ವರ್ಷಗಳಿಗೂ ಹಿಂದೆ ಲ್ಯಾಟಿನ್ ಭಾಷೆಯಿಂದ ಪಡೆದರು. ಲ್ಯಾಟಿನ್‌ನಲ್ಲಿ ‘ಕೊಕ್ವುಸ್’ ಎಂದರೆ ಬಾಣಸಿಗ. ‘ಕೊಕ್ವೆರೆ’ ಎಂದರೆ ಬೇಯಿಸುವುದು. ಈ ಲ್ಯಾಟಿನ್ ಧಾತುವೂ ಸಂಸ್ಕೃತದ ‘ಪಚ್’ ಧಾತುವೂ ಒಂದೇ ತಾಯಿಯ ಮಕ್ಕಳು ಎಂಬುದು ಭಾಷಾವಿಜ್ಞಾನಿಗಳ ನಿರ್ಣಯ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಏಕಮೂಲವಾದವೆಂದು ಸರ್ ವಿಲಿಯಂ ಜೋನ್ಸ್ 1786ರಲ್ಲಿ ಕಲಕತ್ತೆಯಲ್ಲಿ ಸಾರಿದ ಮೇಲೆ ನಡೆದ ಸಂಶೋಧನೆಯ ಫಲವಿದು.

ಪಕಾರವು ಕಕಾರವಾಗುವುದು ಹೇಗೆಂದು ಸಂದೇಹ ಬರುವುದು ಸಹಜ. ಮೂಲದಲ್ಲಿ ಆದಿಯ ಪಕಾರದ ಮುಂದೆ ‘ಕ್ವ’ದಂಥ ಧ್ವನಿಯೊಂದಿತ್ತು. ಲ್ಯಾಟಿನ್‌ನಲ್ಲಿ ಮೊದಲ ಧ್ವನಿಯು ಎರಡನೆಯದರ ರೂಪವನ್ನೇ ತಾಳಿತು. ಇದು ಒಂಟಿ ಉದಾಹರಣೆಯಲ್ಲ. ಸಂಸ್ಕೃತದ ‘ಪಂಚ’ ಲ್ಯಾಟಿನ್‌ನಲ್ಲಿ ‘ಕ್ವಿಂಕ್ವೆ’ ಆಗಿರುವುದೂ ಇದೇ ನಿಯಮದಿಂದ. ಹಳಗನ್ನಡದ ಪಾಲು ಹಾಲಾದುದನ್ನೂ, ಪೂವು ಹೂವಾದುದನ್ನೂ ಬಲ್ಲ ಕನ್ನಡ ವಿದ್ಯಾರ್ಥಿಗೆ ಇದು ಅಚ್ಚರಿಯೆನಿಸಬೇಕಾಗಿಲ್ಲ. ಸಂಸ್ಕೃತದಲ್ಲಿಯೇ ‘ಪಚ್’ ಧಾತುವಿನ ಚಕಾರಕ್ಕೆ ಘಞ್ ಪ್ರತ್ಯಯ ಪರವಾದಾಗ ಕಕಾರಾದೇಶ ಬಂದು ‘ಪಾಕ’ ಎಂದಾಗುವುದನ್ನು ಪಾಣಿನಿ ವಿಧಿಸಿದ್ದಾನೆ. ಪಾಕ, ಪಕ್ವ, ಪರಿಪಾಕ, ವಿಪಾಕ, ಪಚನ ಇವೆಲ್ಲವೂ ಹೀಗೆ ‘ಕುಕ್’ ಶಬ್ದದ ದೂರದ ಬಂಧುಗಳು. ಪಾಕಶಾಲೆಯ ಬಾಗಿಲಿಗೆ ‘ಕಿಚನ್’ ಎಂದು ಫಲಕ ಹಾಕಿದರೂ ವಂಶ ಬದಲಾಗಲಿಲ್ಲ. ಲ್ಯಾಟಿನ್ನಿನ ‘ಕೊಕ್ವೀನ’ವೇ ಇಂಗ್ಲಿಷಿನಲ್ಲಿ ಕಿಚನ್ ಆಗಿದೆ.

ಈ ಸಂಸಾರದ ಇತರ ಸದಸ್ಯರನ್ನು ನೋಡಿದರೆ ಸ್ವಾರಸ್ಯ ಇನ್ನೂ ಹೆಚ್ಚುತ್ತದೆ. ಚಹದೊಡನೆ ತಿನ್ನುವ ಬಿಸ್ಕತ್ತು ‘ಎರಡು ಸಲ ಬೇಯಿಸಿದ್ದು’ ಎಂಬ ಲ್ಯಾಟಿನ್ ಮಾತಿನಿಂದ ಬಂದುದು. ಅಜೀರ್ಣಕ್ಕೆ ವೈದ್ಯರು ಹೇಳುವ ‘ಡಿಸ್ಪೆಪ್ಸಿಯಾ’ ಎಂಬ ಗ್ರೀಕ್ ಮೂಲದ ಶಬ್ದದಲ್ಲಿಯೂ ಇದೇ ಧಾತುವಿದೆ. ಒಲೆಯ ಮೇಲೆ ಬೇಯುವುದಕ್ಕೂ ಹೊಟ್ಟೆಯಲ್ಲಿ ಜೀರ್ಣವಾಗುವುದಕ್ಕೂ ಸಂಸ್ಕೃತದಲ್ಲಿ ‘ಪಚನ’ ಎಂಬ ಒಂದೇ ಹೆಸರಿರುವಂತೆ ಗ್ರೀಕರಲ್ಲಿಯೂ ಇತ್ತು. 1679ರಲ್ಲಿ ಡೆನಿಸ್ ಪಾಪೆನ್ ಎಂಬ ಫ್ರೆಂಚ್ ವಿಜ್ಞಾನಿ ಆವಿಯ ಒತ್ತಡದಲ್ಲಿ ಬೇಯಿಸುವ ಪಾತ್ರೆಯನ್ನು ನಿರ್ಮಿಸಿದಾಗ ಅದನ್ನು ‘ಡೈಜೆಸ್ಟರ್’, ಎಂದರೆ ಜೀರ್ಣಿಸುವ ಯಂತ್ರ, ಎಂದೇ ಕರೆದನು. ಇಂದು ಮನೆಮನೆಯಲ್ಲಿ ಮೂರು ಸಲ ಕೂಗಿ ಅನ್ನವಾದುದನ್ನು ಸಾರುವ ಕುಕ್ಕರಿನ ಪೂರ್ವಜ ಅದು. ಉಪಾಧ್ಯಾಯರಿಗೆ ವಿಶೇಷವಾಗಿ ಪ್ರಿಯವಾಗಬಹುದಾದ ಶಬ್ದ ಇನ್ನೊಂದು: ವಯಸ್ಸಿಗೆ ಮೀರಿದ ಬುದ್ಧಿಯುಳ್ಳ ಮಗುವನ್ನು ಇಂಗ್ಲಿಷಿನಲ್ಲಿ ‘ಪ್ರಿಕೋಷಸ್’ ಎನ್ನುತ್ತಾರೆ. ಅದರ ಮೂಲಾರ್ಥ ‘ಕಾಲಕ್ಕೆ ಮುಂಚೆ ಬೆಂದದ್ದು’. ಬುದ್ಧಿ ಪಕ್ವವಾಗುವುದೂ ಒಂದು ಬಗೆಯ ಅಡಿಗೆಯೆಂದು ಉಭಯ ಭಾಷೆಗಳೂ ಒಪ್ಪಿವೆ.

ಎಲ್ಲ ಅರ್ಥಗಳೂ ಸಾತ್ತ್ವಿಕವಾದವಲ್ಲ. ಲೆಕ್ಕಪತ್ರಗಳನ್ನು ತಿರುಚುವುದಕ್ಕೂ ಇಂಗ್ಲಿಷರು ‘ಕುಕ್’ ಎನ್ನುತ್ತಾರೆ. ಇದ್ದ ಮಾತಿಗೆ ಒಗ್ಗರಣೆ ಹಾಕುವವರು ಕನ್ನಡದಲ್ಲಿಯೂ ಇಲ್ಲದಿಲ್ಲ. ಅದು ಹಾಗಿರಲಿ, ವ್ಯಾಕರಣದ ದೃಷ್ಟಿಯಿಂದ ಗಮನಾರ್ಹವಾದ ಸಂಗತಿ ಬೇರೊಂದಿದೆ. ಇಂಗ್ಲಿಷಿನಲ್ಲಿ ಕಲಿಸುವವನು ‘ಟೀಚರ್’, ಬರೆಯುವವನು ‘ರೈಟರ್’. ಕ್ರಿಯಾಪದಕ್ಕೆ ಪ್ರತ್ಯಯ ಸೇರಿ ಕರ್ತೃವಾಚಕ ಹುಟ್ಟುತ್ತದೆ. ಆದರೆ ಬೇಯಿಸುವವನು ‘ಕುಕ್ಕರ್’ ಅಲ್ಲ, ‘ಕುಕ್’. ಕಾರಣವೇನೆಂದರೆ, ಆ ಭಾಷೆಗೆ ಮೊದಲು ಬಂದುದು ಅಡಿಗೆಯವನ ಹೆಸರು. ಇಂದಿನ ಕ್ರಿಯಾಪದ 14ನೆಯ ಶತಮಾನದ ಹೊತ್ತಿಗೆ ಆ ಹೆಸರಿನಿಂದ ಹುಟ್ಟಿತು. ಪ್ರತ್ಯಯ ಸೇರಿದ ರೂಪ ಪಾತ್ರೆಯ ಪಾಲಿಗೆ ಬಂತು. ಕನ್ನಡದ ಕ್ರಮ ಇದಕ್ಕೆ ವಿಪರೀತ. ಇಲ್ಲಿ ‘ಅಡು’ ಎಂಬ ಧಾತು ಮೊದಲು, ‘ಅಡಿಗೆ’ ಅನಂತರ, ‘ಅಡಿಗೆಯವ’ ಕೊನೆಗೆ. ಅಲ್ಲಿ ವ್ಯಕ್ತಿಯಿಂದ ಕೆಲಸಕ್ಕೆ ಹೆಸರು. ಇಲ್ಲಿ ಕೆಲಸದಿಂದ ವ್ಯಕ್ತಿಗೆ ಹೆಸರು.

‘ಅಡು’ ಎಂಬುದು ಅಚ್ಚ ದ್ರಾವಿಡ ಧಾತು; ತಮಿಳಿನಲ್ಲಿಯೂ ಇದೆ. ‘ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು’ ಎಂಬ ಗಾದೆಯಲ್ಲಿರುವುದು ಇದರ ಭೂತಕಾಲದ ರೂಪ. ಇಂದಿನ ಮಕ್ಕಳು ಆ ಗಾದೆಯ ‘ಅಟ್ಟ’ವನ್ನು ಸಾಮಾನಿಡುವ ಅಟ್ಟವೆಂದು ಭಾವಿಸುವುದುಂಟು. ‘ಬಾಣಸ’ವು ಸಂಸ್ಕೃತದ ‘ಮಹಾನಸ’ದ ತದ್ಭವ, ಅದರಿಂದ ಬಾಣಸಿಗ. ಈ ಕಾಯಕವನ್ನು ಪೂರ್ವಿಕರು ಹೀನವೆಂದು ಎಣಿಸಲಿಲ್ಲ. ವಿರಾಟನ ಅರಮನೆಯಲ್ಲಿ ಭೀಮಸೇನ ಹಿಡಿದುದು ಸೌಟು. ನಳಚಕ್ರವರ್ತಿಯ ಹೆಸರು ಇಂದು ಜನಜನಿತವಾಗಿರುವುದು ಅವನ ರಾಜ್ಯದಿಂದಲ್ಲ, ನಳಪಾಕದಿಂದ. 11ನೆಯ ಶತಮಾನದ ಎರಡನೆಯ ಚಾವುಂಡರಾಯ ‘ಲೋಕೋಪಕಾರ’ದಲ್ಲಿ ಪಾಕವಿದ್ಯೆಗೆ ಸ್ಥಾನ ಕೊಟ್ಟನು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗವನ್ನು ವಿಸ್ತರಿಸಿದನು. 16ನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವೆಂಬ ಗ್ರಂಥವನ್ನೇ ಷಟ್ಪದಿಯಲ್ಲಿ ರಚಿಸಿದನು.

ಇವೆಲ್ಲಕ್ಕಿಂತ ಮಿಗಿಲಾದ ಗೌರವ ವ್ಯಾಕರಣಶಾಸ್ತ್ರದಲ್ಲಿದೆ. ಸಂಸ್ಕೃತ ವ್ಯಾಕರಣವನ್ನು ಗುರುಮುಖದಿಂದ ಓದಿದವರಿಗೆ ದೇವದತ್ತನ ಪರಿಚಯ ಇದ್ದೇ ಇರುತ್ತದೆ. ಕ್ರಿಯೆಯೆಂದರೇನೆಂದು ತಿಳಿಸಲು ಶಾಸ್ತ್ರಕಾರರು ಅವನ ಕೈಯಲ್ಲಿ ಅನ್ನ ಮಾಡಿಸುತ್ತಾರೆ. ದೇವದತ್ತ ಕರ್ತೃ, ಅನ್ನ ಕರ್ಮ, ಸೌದೆ ಕರಣ, ಪಾತ್ರೆ ಅಧಿಕರಣ, ಅಕ್ಕಿಯನ್ನು ತೆಗೆದ ಕಣಜ ಅಪಾದಾನ, ಬಡಿಸಿಕೊಳ್ಳುವ ಅತಿಥಿ ಸಂಪ್ರದಾನ. ಆರು ಕಾರಕಗಳೂ ಪಾಕಶಾಲೆಯಲ್ಲಿಯೇ ಕೈಗೆ ಸಿಗುತ್ತವೆ. ಪಾತ್ರೆಯನ್ನು ಒಲೆಗೇರಿಸುವುದು, ನೀರೆರೆಯುವುದು, ಅಕ್ಕಿ ಹಾಕುವುದು, ಸೌದೆ ನೂಕುವುದು ಇವೆಲ್ಲವೂ ಸೇರಿ ‘ಪಚನ’ವೆಂಬ ಒಂದೇ ಕ್ರಿಯೆಯೆಂದು ಪತಂಜಲಿ ಮಹಾಭಾಷ್ಯದಲ್ಲಿ ವಿಚಾರಮಾಡಿದ್ದಾನೆ. ಪಾತ್ರೆ ಬೇಯಿಸುತ್ತದೆ, ಸೌದೆ ಬೇಯಿಸುತ್ತದೆ ಎಂದು ಹೇಳುವುದಕ್ಕೂ ಅವಕಾಶವಿದೆ. ಆದರೆ ಯಾವನು ಸ್ವತಂತ್ರನಾಗಿ ಈ ಎಲ್ಲವನ್ನೂ ನಡೆಸುತ್ತಾನೋ ಅವನೇ ಮುಖ್ಯ ಕರ್ತೃ. ಉಳಿದವು ಅವನ ಅಧೀನ.

ಈ ಶಾಸ್ತ್ರವನ್ನು ಬೋಧಿಸುವ ಶಾಲೆಗಳ ವಾರ್ಷಿಕ ವರದಿಗಳನ್ನು ಇನ್ನು ನೋಡಬೇಕು. ‘ಸಮಾರಂಭಕ್ಕೆ ಆಗಮಿಸಿದ್ದ ಸಹಸ್ರಾರು ಭಕ್ತರಿಗೆ ಪ್ರಸಾದದ ವ್ಯವಸ್ಥೆ ಮಾಡಲಾಗಿತ್ತು’ ಎಂಬ ವಾಕ್ಯ ಇಲ್ಲದ ವರದಿ ದುರ್ಲಭ. ಮಾಡಿದವರು ಯಾರು? ವಾಕ್ಯದಲ್ಲಿ ಕರ್ತೃಪದವಿಲ್ಲ. ಅಕ್ಕಿ ಕೊಟ್ಟವರ ಹೆಸರು ಕಲ್ಲಿನ ಮೇಲಿದೆ. ಪಾತ್ರೆ ಕೊಟ್ಟವರ ಹೆಸರು ಪಾತ್ರೆಯ ಕಂಠದ ಮೇಲೆಯೇ ಇದೆ. ಉದ್ಘಾಟಿಸಿದವರ ಭಾವಚಿತ್ರ ಸಂಚಿಕೆಯಲ್ಲಿದೆ. ಕೋಳಿ ಕೂಗುವ ಮುನ್ನ ಎದ್ದು, ಹೊಗೆಯಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡು, ಆಳೆತ್ತರದ ಕೊಪ್ಪರಿಗೆಯ ಮುಂದೆ ಬೆವರಿದವನ ಹೆಸರು ಮಾತ್ರ ಯಾವ ಪುಟದಲ್ಲಿಯೂ ಇಲ್ಲ. ‘ಲಾಯಿತು’, ‘ಲಾಗಿತ್ತು’ ಎಂಬ ಕರ್ಮಣಿಪ್ರಯೋಗಗಳು ಕನ್ನಡದ ಜಾಯಮಾನಕ್ಕೆ ಅಷ್ಟಾಗಿ ಒಗ್ಗದೆ, ಕಚೇರಿಯ ಬರವಣಿಗೆಯಿಂದ ವ್ಯಾಪಿಸಿದಂಥವು. ಅವು ಭಾಷೆಯ ದೋಷವಷ್ಟೇ ಅಲ್ಲ, ಮನೋಭಾವದ ದೋಷವೂ ಹೌದು. ‘ಅಡಿಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು’ ಎಂಬ ಗಾದೆಯನ್ನು ಹಿರಿಯರು ವ್ಯಂಗ್ಯವಾಗಿ ಹೇಳಿದರು. ಲೋಕ ಅದನ್ನು ನಿಯಮವಾಗಿ ಪಾಲಿಸುತ್ತಿದೆ.

ತರಗತಿಯಲ್ಲಿಯೂ ಇದೇ ಮನೋಭಾವ ಇಣುಕುತ್ತದೆ. ಪಾಠ ಒಪ್ಪಿಸದ ಹುಡುಗನನ್ನು “ನೀನು ದನ ಕಾಯುವುದಕ್ಕೇ ಲಾಯಕ್ಕು”, “ಹೋಟೆಲಿನಲ್ಲಿ ಅಡಿಗೆ ಮಾಡಿಕೊಂಡಿರು ಹೋಗು” ಎಂದು ಗದರುವ ಉಪಾಧ್ಯಾಯರು ಇಂದಿಗೂ ಇದ್ದಾರೆ. ತುರುಗಾಹಿ ರಾಮಣ್ಣನ ಚರಿತ್ರೆಯನ್ನು ಬೆಳಗ್ಗೆ ಪ್ರಾರ್ಥನೆಯಲ್ಲಿ ಕೊಂಡಾಡಿ, ಮಧ್ಯಾಹ್ನ ಅದೇ ಕಾಯಕವನ್ನು ಬೈಗುಳವಾಗಿ ಬಳಸುವುದು ಎಂಥ ವಿಪರ್ಯಾಸ! ಆ ತರಗತಿಯಲ್ಲಿ ದನ ಕಾಯುವವನ ಮಗನೂ ಅಡಿಗೆಯವಳ ಮಗಳೂ ತಲೆ ತಗ್ಗಿಸಿ ಕುಳಿತಿರುತ್ತಾರೆಂಬುದನ್ನು ಮರೆಯಬಾರದು.

ಕರ್ನಾಟಕ ಸರ್ಕಾರ 2002ರಲ್ಲಿ ಶಾಲಾಮಕ್ಕಳಿಗೆ ಬಿಸಿಯೂಟದ ಯೋಜನೆಯನ್ನು ಆರಂಭಿಸಿದಾಗ ಅದಕ್ಕೆ ಶರಣರ ಶಬ್ದವನ್ನೇ ಆಯ್ದು ‘ಅಕ್ಷರ ದಾಸೋಹ’ ಎಂದು ಹೆಸರಿಟ್ಟಿತು. ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹವನ್ನು ಬಹುಕಾಲದಿಂದ ನಡೆಸಿಕೊಂಡು ಬಂದ ಮಠಗಳಿಗೆ ಸಂದ ಗೌರವವೆಂದೇ ಇದನ್ನು ಭಾವಿಸಬೇಕು. ಆದರೆ ಆ ಯೋಜನೆಯಲ್ಲಿ ದುಡಿಯುವ ತಾಯಂದಿರಿಗೆ ಸಲ್ಲುವುದು ಸಂಬಳವಲ್ಲ, ‘ಗೌರವಧನ’. ಆ ಸಮಾಸದ ಪೂರ್ವಪದವೂ ಉತ್ತರಪದವೂ ಅವರಿಗೆ ಸಾಕಷ್ಟು ದೊರೆಯುತ್ತಿಲ್ಲವೆಂಬುದು ಅವರು ಮತ್ತೆ ಮತ್ತೆ ಮಾಡಿಕೊಂಡ ಮನವಿಗಳಿಂದಲೇ ವಿದಿತವಾಗುತ್ತದೆ. ಶರಣರ ಶಬ್ದವನ್ನು ಎತ್ತಿಕೊಂಡವರು ಅದರ ಭಾರವನ್ನೂ ಹೊರಬೇಕಾಗುತ್ತದೆ. ದಾಸೋಹವೆಂದರೆ ‘ನಾನು ದಾಸ’ ಎಂಬ ಭಾವ; ಕೊಡುವವನು ಕೆಳಗೆ ನಿಲ್ಲುವ ಕ್ರಿಯೆ ಅದು. ಅಲ್ಲಿ ದಾನಿ ಮೇಲೆ, ಅಡಿಗೆಯವನು ಕೆಳಗೆ ಎಂಬ ತಾರತಮ್ಯಕ್ಕೆ ಎಡೆಯಿಲ್ಲ.

ದಾನಿಗಳ ಉಪಕಾರವನ್ನು ಮರೆಯಬೇಕೆಂದು ಇದರ ತಾತ್ಪರ್ಯವಲ್ಲ. ಕಣಜ ಬರಿದಾದರೆ ಕೊಪ್ಪರಿಗೆ ಏನು ಮಾಡೀತು? ಅಪಾದಾನವಿಲ್ಲದೆ ವಾಕ್ಯ ಸೊರಗುತ್ತದೆ. ಆದರೆ ಕರ್ತೃವಿಲ್ಲದೆ ವಾಕ್ಯವೇ ಇಲ್ಲ. ದಾನಿಗಳಲ್ಲಿ ಸಹೃದಯರಾದವರು ಇದನ್ನು ಎಲ್ಲರಿಗಿಂತ ಮೊದಲು ಒಪ್ಪುವರೆಂಬುದರಲ್ಲಿ ಸಂಶಯವಿಲ್ಲ. ಅವರಲ್ಲಿ ಅನೇಕರು ವಿದ್ಯಾರ್ಥಿದೆಸೆಯಲ್ಲಿ ಮಠದ ಪಂಕ್ತಿಯಲ್ಲಿ ಉಂಡು ಬೆಳೆದವರೇ ಆಗಿದ್ದಾರೆ. ತಮಗೆ ಮುದ್ದೆ ಬಡಿಸಿದ ಕೈ ಯಾರದೆಂಬುದು ಅವರಿಗೆ ಇಂದಿಗೂ ನೆನಪಿರುತ್ತದೆ. ಆ ನೆನಪು ಅಚ್ಚಿನಲ್ಲಿ ಬಂದಿಲ್ಲ, ಅಷ್ಟೇ.

ದಂಡಿನ ಪ್ರದೇಶದ ಪರಕೀಯ ಹೆಸರುಗಳನ್ನೆಲ್ಲ ಅಳಿಸಿ ಕನ್ನಡದ ಹೆಸರುಗಳನ್ನಿಡಬೇಕೆಂಬ ವಾದವೂ ಉಂಟು. ಫ್ರೇಜರ್ ಟೌನಿಗೆ ಪುಲಕೇಶಿನಗರವೆಂಬ ಹೆಸರು ಬಂದಿದೆ. ಜನರ ಬಾಯಲ್ಲಿ ಹಳೆಯದೂ ಉಳಿದಿದೆ. ಕುಕ್ ಟೌನಿನ ಆ ಭಾಗದ ವಿಧಾನಸಭಾ ಕ್ಷೇತ್ರಕ್ಕೆ 2008ರಿಂದ ಸರ್ವಜ್ಞನಗರವೆಂಬ ಹೆಸರಿದೆ. ತ್ರಿಪದಿಯ ಕವಿ ಸರ್ವಜ್ಞನು ಕುಂಬಾರ ಮನೆತನದ ತಾಯಿಯ ಮಗನೆಂದು ಐತಿಹ್ಯ. ಗಡಿಗೆ ಮಾಡುವವರ ಮನೆಯ ಕವಿಯೂ, ಗಡಿಗೆಯಲ್ಲಿ ಅಡಿಗೆ ಮಾಡುವವರ ಹೆಸರನ್ನು ಹೊತ್ತ ಅಧಿಕಾರಿಯೂ ಒಂದೇ ನೆಲದ ಮೇಲೆ ಹೀಗೆ ಸಂಧಿಸಿದ್ದಾರೆ. ಕನ್ನಡದ ಹೆಸರು ಬರಲಿ, ಅದು ಸಂತೋಷದ ವಿಷಯ. ಆದರೆ ಹೆಸರಿನ ಅರ್ಥವನ್ನರಿಯದೆ ಫ‌ಲಕವನ್ನು ಬದಲಿಸಿದ ಮಾತ್ರಕ್ಕೆ ದೃಷ್ಟಿ ಬದಲಾಗದು. ಅಡಿಗೆಯವನ ಹೆಸರೆಂದು ನಗುವವನು ಕುಂಬಾರನ ಹೆಸರೆಂದೂ ನಕ್ಕಾನು. ಅಳಿಯಬೇಕಾದುದು ಆ ನಗೆ.

ಆದುದರಿಂದ ಆಗಬೇಕಾದುದು ಇಷ್ಟು. ಉಪಾಧ್ಯಾಯರು ಮಕ್ಕಳಿಗೆ ಇಂಗ್ಲಿಷಿನ ‘ಕುಕ್’ ಶಬ್ದವನ್ನು ಕಲಿಸುವಾಗ ಪಾಕ, ಪಕ್ವಗಳೊಡನೆ ಅದಕ್ಕಿರುವ ನಂಟನ್ನೂ, ಅಡು, ಅಟ್ಟ, ಬಾಣಸಿಗ ಎಂಬ ಕನ್ನಡದ ಸಂಪತ್ತನ್ನೂ ಜೊತೆಯಲ್ಲಿಯೇ ಕಲಿಸಲಿ. ಎರಡು ಭಾಷೆಗಳೂ ಪರಸ್ಪರ ಬೆಳಗುವುವು. ಯಾವ ಕಾಯಕದ ಹೆಸರೂ ತರಗತಿಯಲ್ಲಿ ಬೈಗುಳವಾಗದಿರಲಿ. ಸಂಸ್ಥೆಗಳು ಮುಂದೆ ಹೊರತರುವ ಸ್ಮರಣ ಸಂಚಿಕೆಗಳಲ್ಲಿ ದಾನಿಗಳ ಪಟ್ಟಿಯ ಪಕ್ಕದಲ್ಲಿಯೇ, ಅದೇ ಗಾತ್ರದ ಅಕ್ಷರಗಳಲ್ಲಿ, ದಾಸೋಹದ ಅಡಿಗೆಯವರ, ನೀರು ಹೊತ್ತವರ, ಪಾತ್ರೆ ಬೆಳಗಿದವರ ಹೆಸರುಗಳು ಅಚ್ಚಾಗಲಿ. ಅದಕ್ಕೆ ತಗಲುವ ಖರ್ಚು ಒಂದು ಪುಟದ ಕಾಗದ. ‘ಪ್ರಸಾದದ ವ್ಯವಸ್ಥೆ ಮಾಡಲಾಗಿತ್ತು’ ಎಂದು ಬರೆಯುವ ಕೈ, ಇನ್ನು ಮೇಲೆ ಇಂಥವರು ಪ್ರಸಾದವನ್ನು ಸಿದ್ಧಪಡಿಸಿದರು ಎಂದು ಬರೆಯಲಿ. ಕರ್ತೃಪದ ತನ್ನ ಸ್ಥಾನಕ್ಕೆ ಬಂದರೆ ವಾಕ್ಯವೂ ನೇರವಾದೀತು, ಕಾಯಕದ ತತ್ತ್ವವೂ ನಿಜವಾದೀತು.